ಶವಪೆಟ್ಟಿಗೆಗೆ ಸವರಿದ ವಿಷ

ಪ್ರಶ್ನೆ: ಚೀನೀ ಕತ್ತಿವರಸೆಯ ಕಥೆಗಳಲ್ಲಿ ದ್ರೋಹ ಬಗೆಯುವವರು ಬಹುಪಾಲು ಗುರು, ಅಪ್ಪ, ಗಂಡ. ನಿಜವಾಗಿ ಪ್ರೀತಿಸಿದವರು ಸಾಯುತ್ತಾರೆ. ಈ ಲೇಖಕರಿಗೆ ಪ್ರೀತಿಯ ಮೇಲೆ ನಂಬಿಕೆಯೇ ಇಲ್ಲವೇ?

ಸಂಪಾದಕರ ಉತ್ತರ: ನಂಬಿಕೆ ಇಲ್ಲದವರು ಇಂಥ ದ್ರೋಹವನ್ನು ಕಲ್ಪಿಸಿಕೊಳ್ಳಲಾರರು. ಇಂಥ ಕಥೆಗಳಿಗೆ ಹೆಸರಾದ ಹಾಂಗ್‌ಕಾಂಗ್‌ನ ಲೇಖಕ ಜಿನ್ ಯೋಂಗ್ 1963ರಲ್ಲಿ ಬರೆಯತೊಡಗಿದ ಕಾದಂಬರಿ 'ಲಿಯೆನ್ ಚೆಂಗ್ ಜ್ವೆ'ಯನ್ನೇ ತೆಗೆದುಕೊಳ್ಳಿ. ಅವರ ಕಾದಂಬರಿಗಳಲ್ಲಿ ಇಷ್ಟು ಕತ್ತಲು ಕವಿದದ್ದು ಇನ್ನೊಂದಿಲ್ಲ.

ಹಳ್ಳಿಯ ಹುಡುಗ ಡೀ ಯುನ್, ಗುರುವಿನ ಮಗಳು ಚೀ ಫಾಂಗ್ ಜೊತೆಯಲ್ಲೇ ಬೆಳೆದವರು. ಅವಳ ಮೇಲೆ ಕಣ್ಣು ಹಾಕಿದ ಸಿರಿವಂತರ ಮಗ ವಾನ್ ಗ್ವೇ ಹುಡುಗನ ತಲೆಗೆ ಸುಳ್ಳು ಆರೋಪ ಕಟ್ಟಿ ಜೈಲಿಗೆ ತಳ್ಳಿಸುತ್ತಾನೆ. ಹೆಗಲ ಮೂಳೆ ತೂರಿ ಸರಪಳಿ ಬಿಗಿಯುತ್ತಾರೆ. ಅವನನ್ನು ಬಿಡಿಸಲು ಬೆಳ್ಳಿ ಸುರಿಯುತ್ತಿದ್ದೇನೆ ಎಂದು ವಾನ್ ಗ್ವೇ ಅವಳನ್ನು ನಂಬಿಸುತ್ತಾನೆ. ಸುರಿದದ್ದು ನಿಜ, ಡೀ ಯುನ್ ಹೊರಗೆ ಬಾರದಿರಲೆಂದು. ಅವಳು ವಾನ್ ಗ್ವೇಯನ್ನೇ ಮದುವೆಯಾಗುತ್ತಾಳೆ.

ಅದೇ ಜೈಲಿನಲ್ಲಿ ಡಿಂಗ್ ದ್ಯೆನ್ ಇದ್ದಾನೆ. ಅವನ ಪ್ರೇಯಸಿ ಲಿಂಗ್ ಶ್ವಾಂಗ್‌ಹ್ವಾ ಜಿಂಗ್‌ಜೋ ನಗರದ ಅಧಿಕಾರಿಯ ಮಗಳು. ದೂರದ ಮಹಡಿಯ ಕಿಟಕಿಯಲ್ಲಿ ಅವಳು ಇಡುವ ಹೂಕುಂಡವನ್ನು ಇವನು ಜೈಲಿನಿಂದ ದಿನವೂ ನೋಡುತ್ತಾನೆ. ಒಮ್ಮೆ ಆ ಹೂಗಳು ಬಾಡಿದರೂ ಬದಲಾಗುವುದಿಲ್ಲ. ಜೈಲು ಒಡೆದು ಹೋಗಿ ನೋಡಿದರೆ ಅವಳ ಶವಪೆಟ್ಟಿಗೆ. ಅಪ್ಪಿಕೊಂಡು ಅಳುತ್ತಾನೆ. ಅದಕ್ಕೆ ವಿಷ ಸವರಿಟ್ಟಿದ್ದವನು ಅವಳ ಹೆತ್ತಪ್ಪ. ಡಿಂಗ್ ದ್ಯೆನ್‌ಗೆ ಗೊತ್ತಿದ್ದ ನಿಧಿಯ ಗುಟ್ಟಿಗಾಗಿ.

ಇಲ್ಲಿ ಸ್ವಲ್ಪ ನಿಲ್ಲಿ. ಡಿಂಗ್ ದ್ಯೆನ್ ಬಂದೇ ಬರುತ್ತಾನೆ, ಪೆಟ್ಟಿಗೆಯನ್ನು ಅಪ್ಪಿಯೇ ಅಪ್ಪುತ್ತಾನೆ ಎಂದು ಆ ಅಪ್ಪನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಪ್ರೀತಿಯನ್ನು ಇಡೀ ಕಥೆಯಲ್ಲಿ ಅವನಷ್ಟು ನಂಬಿದವರು ಯಾರೂ ಇಲ್ಲ! ವಾನ್ ಗ್ವೇಯೂ ಅಷ್ಟೇ: ಚೀ ಫಾಂಗ್‌ಗೆ ಡೀ ಯುನ್ ಮೇಲೆ ಮಮತೆ ಇರದಿದ್ದರೆ ಅವನ ಬೆಳ್ಳಿಯ ನಾಟಕ ನಡೆಯುತ್ತಿರಲಿಲ್ಲ. ಕೊನೆಗೆ ಗೋಡೆಯೊಳಗೆ ಸಿಕ್ಕಿಬಿದ್ದ ಗಂಡನನ್ನು ಬಿಡಿಸಲು ಹೋದವಳಿಗೆ ಅವನೇ ಇರಿಯುತ್ತಾನೆ. ಆದರೆ ಅವಳು ಮಗಳಿಗೆ ಇಟ್ಟಿದ್ದು ತಾನು ಹಿಂದೆ ಡೀ ಯುನ್‌ನನ್ನು ಕರೆಯುತ್ತಿದ್ದ ಅಡ್ಡಹೆಸರನ್ನು. ಗಂಡನ ಮನೆಯಲ್ಲಿ ದಿನಬೆಳಗಾದರೆ ಅದೇ ಹೆಸರು ಕೂಗುತ್ತಿದ್ದಳು.

ಇದೆಲ್ಲ ಬರೀ ಕಟ್ಟುಕಥೆ ಎನ್ನಬೇಡಿ. ಚೀನಾದ ಹೈನಿಂಗ್ ಊರಿನ ಜಿನ್ ಯೋಂಗ್ ಮನೆಯಲ್ಲಿ ಹೆ ಷೆಂಗ್ ಎಂಬ ಗೂನುಬೆನ್ನಿನ ಆಳಿದ್ದ. ಸಿರಿವಂತರ ಮನೆಯವರು ಅವನ ಮೇಲೆ ಕಳ್ಳತನ ಹೊರಿಸಿ ಜೈಲಿಗೆ ಕಳಿಸಿದ್ದರು. ಅವನು ಹೊರಬರುವಷ್ಟರಲ್ಲಿ ಅಪ್ಪ ಅಮ್ಮ ಸತ್ತು, ಮದುವೆ ಗೊತ್ತಾಗಿದ್ದ ಹುಡುಗಿ ಆ ಮನೆಯ ಮಗನಿಗೇ ಎರಡನೆಯ ಹೆಂಡತಿಯಾಗಿದ್ದಳು. ಸಿಟ್ಟಿಗೆ ಅವನನ್ನು ಇರಿದು ಮತ್ತೆ ಜೈಲು ಸೇರಿದ. ದಾನ್‌ಯಾಂಗ್‌ನಲ್ಲಿ ಅಧಿಕಾರಿಯಾಗಿದ್ದ ಜಿನ್ ಯೋಂಗ್‌ರ ಅಜ್ಜ ಅವನನ್ನು ಬಿಡಿಸಿ ಊರಿಗೆ ಕರೆತಂದರು. ಕಾದಂಬರಿ ಹುಟ್ಟಿದ್ದು ಈ ಮುದುಕನ ನೆನಪಿನಿಂದ ಎಂದು ಜಿನ್ ಯೋಂಗ್ ಹಿನ್ನುಡಿಯಲ್ಲಿ ಬರೆದಿದ್ದಾರೆ.

ನಿಮ್ಮ ತಕರಾರಿನಲ್ಲಿ ಹುರುಳಿಲ್ಲವೆಂದಲ್ಲ. ಕಾದಂಬರಿಯ ಹಿಮಕಣಿವೆಯಲ್ಲಿ ಹೆಸರಾಂತ ವೀರನೊಬ್ಬ ತನ್ನ ಆಣೆಯ ಅಣ್ಣತಮ್ಮಂದಿರ ಹೆಣ ತಿನ್ನುತ್ತಾನೆ. ಕೊನೆಯಲ್ಲಿ ನಿಧಿಗೆ ಮುಗಿಬಿದ್ದವರೆಲ್ಲ ವಿಷ ತಗುಲಿ ಹುಚ್ಚರಾಗುತ್ತಾರೆ. ಅಲ್ಲಿ ಲೇಖಕರು ಕೈ ತಡೆಯಬೇಕಿತ್ತು. ದುರಾಸೆ ಏನೆಂಬುದು ಆ ಪೆಟ್ಟಿಗೆಯ ಹತ್ತಿರವೇ ನಮಗೆ ಗೊತ್ತಾಗಿತ್ತಲ್ಲ.