ಯಾವ ಸಂಶೋಧನೆ ಬೇಕು ಅಂತ ಊರಿನವರನ್ನೂ ಕೇಳಿ

ಮಾಸ್ತರರೇ, ನಮಸ್ಕಾರ.

ಆರೋಗ್ಯದ ಸಂಶೋಧನೆ ಯಾವುದರ ಮೇಲೆ ನಡೆಯಬೇಕು ಅಂತ ರೋಗಿಗಳನ್ನೂ ಕೇಳಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಲಿಂಗಸುಗೂರು ತಾಲೂಕಿನಿಂದ ನೀವು ಖಾರವಾಗಿಯೇ ಉತ್ತರಿಸಿದ್ದೀರಿ: "ಅದೆಲ್ಲ ಡಾಕ್ಟರ ಕೆಲಸ. ನಮ್ಮೂರ ಜನ ಸರ್ವೆಗೆ ಬಂದವರಿಗೇ ನೆಟ್ಟಗೆ ಉತ್ತರ ಕೊಡೋದಿಲ್ಲ. ಇನ್ನು ಸಂಶೋಧನೆ ಬಗ್ಗೆ ಏನು ಹೇಳ್ಯಾರು?"

ಯಾಕೆ ಕೊಡೋದಿಲ್ಲ ಅಂತ ನಿಮಗೂ ಗೊತ್ತು, ಅಲ್ವಾ? ಯಾರೋ ಬರುತ್ತಾರೆ. ಬೋರಿನ ನೀರು ಬಾಟಲಿಗೆ ತುಂಬಿಕೊಳ್ಳುತ್ತಾರೆ, ಶಾಲೆ ಮಕ್ಕಳ ಹಲ್ಲು ನೋಡುತ್ತಾರೆ, ಫಾರಂ ತುಂಬಿ ಹೋಗುತ್ತಾರೆ. ನೀರಲ್ಲಿ ಏನು ಸಿಕ್ಕಿತು ಅಂತ ತಿರುಗಿ ಬಂದು ಹೇಳುವವರು ಅಪರೂಪ.

ರಾಯಚೂರು, ಕೊಪ್ಪಳ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇರೋದು ಹಳೇ ಸುದ್ದಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿಯಿದೆ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಕೀಲು ಬಿಗಿಯುತ್ತದೆ. ಇದನ್ನೇ ಎಷ್ಟು ಸಲ ಅಳೆಯೋದು? ಮುಂದಿನ ಪ್ರಶ್ನೆ ಅಡುಗೆಮನೆಯಲ್ಲಿದೆ. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಒಂದು ಕ್ಯಾನ್ ತರುತ್ತಾರೆ. ಅದು ಕುಡಿಯೋಕೆ ಮಾತ್ರ. ರೊಟ್ಟಿಗೆ ಹಿಟ್ಟು ನಾದೋದು, ಬ್ಯಾಳಿ ಬೇಯಿಸೋದು, ಚಹಾ ಕುದಿಸೋದು ಬೋರಿನ ನೀರಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಹಾಗಾದರೆ ಆ ಕ್ಯಾನಿನಿಂದ ಎಷ್ಟು ಉಪಯೋಗವಾಯ್ತು? ಘಟಕ ಕೆಟ್ಟು ನಿಂತಾಗ ಏನು ಗತಿ? ಆಗಲೇ ಬೆನ್ನು ಬಗ್ಗಿದವರು ಹೊಲದ ಕೆಲಸ ಹೇಗೆ ಮಾಡಬೇಕು? ಇಂಥ ಪ್ರಶ್ನೆಗಳು ಹುಟ್ಟೋದು ದಿನಾ ನೀರು ಹೊರುವ ಹೆಣ್ಣುಮಕ್ಕಳ ತಲೆಯಲ್ಲಿ.

ಇದರಿಂದ ಡಾಕ್ಟರ ಕೆಲಸವೇನೂ ಕಡಿಮೆಯಾಗೋದಿಲ್ಲ. ಬ್ರಿಟನ್ನಿನಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಅನ್ನೋ ಸಂಸ್ಥೆ ಶುರುವಾಯಿತು. ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ಚಿಕಿತ್ಸೆ ಕೊಡುವವರು, ಎಲ್ಲರಿಂದಲೂ ಅಲ್ಲಿ ಪ್ರಶ್ನೆ ತರಿಸಿಕೊಳ್ಳುತ್ತಾರೆ. ಉತ್ತರ ಸಿಕ್ಕಿರುವವನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಮುಖ್ಯವಾದ 10 ಪ್ರಶ್ನೆಗಳನ್ನು ಒಟ್ಟಿಗೆ ಕೂತು ಆರಿಸುತ್ತಾರೆ. ಔಷಧಿ ಕಂಪನಿಗಳನ್ನು ಸೇರಿಸಿಕೊಳ್ಳೋದಿಲ್ಲ. ಅದಕ್ಕೆ ಕಾರಣವಿದೆ. ಮಂಡಿ ಸವೆತದ ಬಗ್ಗೆ 2000ದಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೋಡಿ. ನಡೆದಿದ್ದ ಸಂಶೋಧನೆಯಲ್ಲಿ ಔಷಧಿಯದ್ದೇ ದೊಡ್ಡ ಪಾಲು. ರೋಗಿಗಳಿಗೆ ಬೇಕಿದ್ದದ್ದು ಮಂಡಿ ಬದಲಿಸುವ ಆಪರೇಷನ್ ಬಗ್ಗೆ, ನೋವಿನ ಜೊತೆ ಬಾಳುವ ದಾರಿಗಳ ಬಗ್ಗೆ ಸರಿಯಾದ ಪರೀಕ್ಷೆ.

ನಮ್ಮಲ್ಲೂ ಸಂಶೋಧನೆ ನ್ಯಾಯವಾಗಿದೆಯೇ ಅಂತ ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪರ ಒಬ್ಬರು ಇರಲೇಬೇಕು ಅನ್ನೋ ನಿಯಮವಿದೆ. ಆದರೆ ಕಮಿಟಿ ಮುಂದೆ ಬರುವ ಹೊತ್ತಿಗೆ ಪ್ರಶ್ನೆ ಆಗಲೇ ತಯಾರಾಗಿರುತ್ತದೆ. ಅದಕ್ಕೂ ಮೊದಲೇ ಕೇಳಬೇಕು ಅನ್ನೋದು ನಮ್ಮ ವಾದ.

ನಿಮ್ಮ ಒಂದು ಆತಂಕ ಮಾತ್ರ ನಿಜ. ಸಭೆ ಕರೆದರೆ ಊರ ದೊಡ್ಡವರೇ ಮಾತಾಡುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ಹಾಗಾಗಿ ಹೆಂಗಸರನ್ನು ಬೇರೆ ಕೂರಿಸಬೇಕು. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಕೊಡಬೇಕು. ಗುಳೆ ಹೋದವರು ಊರಿಗೆ ಬರುವ ಹಬ್ಬದ ಸಮಯ ನೋಡಿಕೊಳ್ಳಬೇಕು.

ಮಾಸ್ತರರೇ, ನೀವೇ ಶುರುಮಾಡಿ. ನಿಮ್ಮೂರಿನ ಸ್ತ್ರೀಶಕ್ತಿ ಸಂಘದವರನ್ನು ಕೇಳಿ, ಅವರ ಮಾತಲ್ಲೇ ಬರೆದು ಕಳಿಸಿ. ತಿದ್ದಬೇಡಿ. ನಾವು ಅಚ್ಚು ಹಾಕುತ್ತೇವೆ, ರಾಯಚೂರಿನ ಮೆಡಿಕಲ್ ಕಾಲೇಜಿಗೂ ಒಂದು ಪ್ರತಿ ಕಳಿಸುತ್ತೇವೆ.

ಸಂಪಾದಕರು