ಡಿಪ್ರೆಶನ್ ಗುಳಿಗೆ ಜೊತೆ ಸೊಂಟನೋವಿನ ಗುಳಿಗೆ ನುಂಗಬಹುದಾ? ಮೆಡಿಕಲ್‌ನವರಿಗೆ ಗೊತ್ತಾಗದ ಹಾಗೆ ತರೋದು ಹೇಗೆ?

"ಗೊತ್ತಾಗದ ಹಾಗೆ" ಅಂದಿರಲ್ಲ, ನಾನು ಸಿಕ್ಕಿಬಿದ್ದದ್ದೇ ಅಲ್ಲಿ.

ವಿಜಯಪುರದವನು ನಾನು. ನನ್ನ ಡಿಪ್ರೆಶನ್ ಗುಳಿಗೆ ಎಸ್ಸಿಟಲೋಪ್ರಾಮ್ 10 ಎಂಜಿ, ರಾತ್ರಿ ಊಟ ಆದಮೇಲೆ ಒಂದು. ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಯಿತು. ಓಣಿಯ ಮೆಡಿಕಲ್‌ಗೆ ಹೋದೆ. ಅಂಗಡಿಯವರು ನಮ್ಮ ಮಾವನ ದೋಸ್ತ.

"ಬ್ಯಾರೆ ಗುಳಿಗಿ ಏನರ ನಡದಾವೇನು?"

"ಏನಿಲ್ರಿ ಕಾಕಾ."

ಇಷ್ಟೇ ನನ್ನ ತಪ್ಪು. ಚೀಟಿ ಕೇಳದೆ ಟ್ರಮಡಾಲ್ ಅನ್ನೋ ನೋವಿನ ಗುಳಿಗೆ ಕೊಟ್ಟದ್ದು ಅವರ ತಪ್ಪು, ಅದು ಬೇರೆ. ಆದರೆ ಅವರು ಕೇಳಿದ್ದರು, ನೋಡಿ! ನಾನೇ ಮುಚ್ಚಿಟ್ಟೆ. ಅವರಿಗೆ ಹೇಳಿದರೆ ಗೋಳಗುಮ್ಮಟದಲ್ಲಿ ಪಿಸುಗುಟ್ಟಿದ ಹಾಗೆ, ಏಳು ಸಲ ಮೊಳಗಿ ಮಾವನ ಕಿವಿಗೆ ಬೀಳುತ್ತದೆ ಅನ್ನೋ ಭಯ. ಮೇಲಾಗಿ ತಲೆಯ ಗುಳಿಗೆ ತಲೆಗೆ ಹೋಗುತ್ತದೆ, ಸೊಂಟದ್ದು ಸೊಂಟಕ್ಕೆ ಅಂತ ತಿಳಿದಿದ್ದೆ. ಕುಡಿಯಬಾರದು ಅಂತ ಗೊತ್ತಿತ್ತು, ಕುಡಿಯುತ್ತಿರಲಿಲ್ಲ. ಅಷ್ಟಕ್ಕೇ ಎಚ್ಚರ ಮುಗಿಯಿತು ಅಂದುಕೊಂಡಿದ್ದೆ. ಎರಡೂ ಗುಳಿಗೆ ಸೆರೊಟೋನಿನ್ ಅನ್ನೋ ಒಂದೇ ರಾಸಾಯನಿಕವನ್ನು ಏರಿಸುತ್ತವೆ ಅಂತ ಕನಸಲ್ಲೂ ಹೊಳೆದಿರಲಿಲ್ಲ.

ಅವತ್ತು ರಾತ್ರಿಯೇ ಕೈಕಾಲು ನಡುಕ, ಮೈಯೆಲ್ಲ ಬೆವರು, ಭೇದಿ, ಎದೆ ಡವಡವ. ಕೂತಲ್ಲಿ ಕೂರಲಾಗಲಿಲ್ಲ. ಬಿಸಿಲು ಬಡಿದಿದೆ ಅಂದೆ. ಹೆಂಡತಿ ಕೇಳಲಿಲ್ಲ. ಎರಡೂ ಗುಳಿಗೆಯ ಪಟ್ಟಿ ಕೈಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿಸಿದಳು. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆ ತಟ್ಟಿದರೆ ಕಾಲು ಒದ್ದ ಹಾಗೆ ಚಿಮ್ಮಿತು. ಪಟ್ಟಿಗಳನ್ನು ನೋಡಿದ ಮೇಲೆ, ಸೆರೊಟೋನಿನ್ ಮಿತಿಮೀರಿದೆ ಅನ್ನೋದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಸಲೈನ್ ಹಚ್ಚಿ ರಾತ್ರಿಯೆಲ್ಲ ಇಟ್ಟುಕೊಂಡರು. ಮಾವನಿಗೆ ಗೊತ್ತಾಯಿತಾ? ಬೆಳಿಗ್ಗೆ ಉಪ್ಪಿಟ್ಟಿನ ಡಬ್ಬಿ ತಂದವರು ಅವರೇ.

ಹಾಗಾಗಿ ಗುಟ್ಟಾಗಿ ತರುವ ದಾರಿ ನಾನು ಹೇಳುವುದಿಲ್ಲ. ನಾಚಿಕೆ ಇದ್ದರೆ ಬೇರೆ ಓಣಿಯ ಅಂಗಡಿಗೆ ಹೋಗಿ, ಸುಳ್ಳು ಮಾತ್ರ ಹೇಳಬೇಡಿ. ಬಾಯಲ್ಲಿ ಹೇಳೋಕೆ ಆಗದಿದ್ದರೆ ಚೀಟಿಯ ಫೋಟೋ ಮೊಬೈಲ್‌ನಲ್ಲಿಟ್ಟು ತೋರಿಸಿ. ಇಂಥ ಡಿಪ್ರೆಶನ್ ಗುಳಿಗೆ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಜಾಸ್ತಿ. ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪೂ ನನ್ನ ಟ್ರಮಡಾಲ್‌ನ ಹಾಗೆ ಸೆರೊಟೋನಿನ್ ಏರಿಸುವಂಥದ್ದೇ. ಅಳತೆ ಮೀರದ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೂ ಗುಳಿಗೆ ಬರೆದ ಡಾಕ್ಟರಿಗೆ ಒಂದು ಫೋನ್ ಮಾಡಿ.

ಇನ್ನೊಂದು. ಹೆದರಿ ಡಿಪ್ರೆಶನ್ ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ. ಮನೆಗೆ ಬಂದಮೇಲೆ ಡಾಕ್ಟರು ಮತ್ತೆ ಶುರುಮಾಡಲು ಹೇಳಿದ್ದರೂ ನಾನು ಸುಮ್ನೆ ಬಿಟ್ಟೆ. ತಲೆ ತಿರುಗಿ, ಒಳಗೆ ಕರೆಂಟ್ ಹೊಡೆದ ಹಾಗಾಗಿ, ಮತ್ತೆ ಅವರ ಮುಂದೆಯೇ ಹೋಗಿ ಕೂತೆ.