ರೆಜಿನಾ ಸ್ಪೆಕ್ಟರ್ ಯಾರು? ಪಿಯಾನೋನೇ ಇಲ್ದೆ ಹೆಂಗೆ ಕಲಿತ್ಲು?

ಪಿಯಾನೋ ನುಡಿಸ್ತಾ ತಾನೇ ಬರೆದ ಹಾಡು ಹಾಡೋ ಅಮೆರಿಕದ ಗಾಯಕಿ. ಹುಟ್ಟಿದ್ದು 1980ರಲ್ಲಿ, ಮಾಸ್ಕೋದ ಯಹೂದಿ ಮನೇಲಿ. 1989ರಲ್ಲಿ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದಾಗ ಪಿಯಾನೋ ಅಲ್ಲೇ ಬಿಟ್ಟು ಬರ್ಬೇಕಾಯ್ತು, ಆಮೇಲೆ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬೇಸ್‌ಮೆಂಟಲ್ಲಿ ಒಂದು ಸಿಗೋವರ್ಗೂ ಟೇಬಲ್ ಮೇಲೇ ಬೆರಳಾಡ್ಸ್ತಿದ್ಲಂತೆ. ನಮ್ ಮೈಸೂರಲ್ಲಿ ಮೃದಂಗ ಕಲಿಯೋ ಹುಡುಗ್ರು ಸಿಟಿ ಬಸ್ಸಲ್ಲಿ ಮುಂದಿನ ಸೀಟಿನ ಕಂಬಿ ಮೇಲೆ ತಕಿಟ ಬಡೀತಾರಲ್ಲ, ಹಂಗೇ, ಆದ್ರೆ ಇವ್ಳಿಗೆ ಸ್ವರ ಎಲ್ಲಾ ತಲೆಯೊಳಗೇ ಕೇಳ್ಬೇಕು, ಅದು ಕಷ್ಟ ಕಣ್ರೀ. ನ್ಯೂಯಾರ್ಕ್ ರಾಜ್ಯದ ಪರ್ಚೇಸ್ ಕಾಲೇಜಲ್ಲಿ ಓದಿ, 2001ರಲ್ಲಿ ಮೊದಲ ಆಲ್ಬಂ ತಾನೇ ತಂದ್ಲು. ಹೆಸರು ಬಂದಿದ್ದು 2006ರ ಬಿಗಿನ್ ಟು ಹೋಪ್ ಆಲ್ಬಂನಿಂದ. ಅದ್ರಲ್ಲೊಂದು ಇಂಗ್ಲಿಷ್ ಹಾಡಿನ ಮಧ್ಯೆ ಇದ್ದಕ್ಕಿದ್ದಂಗೆ ರಷ್ಯನ್ನಲ್ಲಿ ಅಲ್ಲಿನ ಕವಿ ಪಾಸ್ಟರ್‌ನಾಕ್ ಕವಿತೆ ಶುರುವಾಗುತ್ತೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಅರ್ಥ ಆಗ್ದಿದ್ರೂ ಮೈ ಜುಮ್ಮನ್ನುತ್ತೆ.